ದುಡ್ಡು ಕೊಟ್ಟು ಕ್ರೇಟ್ ತೆರೆಯುವುದು ಜೂಜೇ? ಗೇಮ್ ಆಡುವ ಹುಡುಗನೊಬ್ಬನ ಪ್ರಶ್ನೆಗೆ ಉತ್ತರ

ಪ್ರಶ್ನೆ: ಅಸ್ಸಲಾಮು ಅಲೈಕುಂ ಉಸ್ತಾದ್. ನಾನು ಪುತ್ತೂರು ಕಡೆಯವನು, ಡಿಗ್ರಿ ಓದುತ್ತಿದ್ದೇನೆ. ಮೊಬೈಲಿನಲ್ಲಿ ಬ್ಯಾಟಲ್ ರಾಯಲ್ ಗೇಮ್ ಆಡುತ್ತೇನೆ. ಅದರಲ್ಲಿ ದುಡ್ಡು ಕೊಟ್ಟು ಯುಸಿ (ಗೇಮ್‌ನೊಳಗಿನ ಹಣ) ತಗೊಂಡು ಕ್ರೇಟ್ ಎಂಬ ಪೆಟ್ಟಿಗೆ ತೆರೆಯಬಹುದು, ಒಳಗೆ ಏನು ಬರುತ್ತೆ ಅಂತ ಮೊದಲೇ ಗೊತ್ತಿರುವುದಿಲ್ಲ. ಇದು ಜೂಜು, ಹರಾಮ್ ಅಂತ ರೂಮ್‌ಮೇಟ್ ಹೇಳುತ್ತಾನೆ. ಇನ್ನೊಬ್ಬ ಗೆಳೆಯ ಹೇಳುವುದೇ ಬೇರೆ. ಪ್ರತಿ ಸಲ ಏನಾದರೂ ಒಂದು ಸಿಕ್ಕೇ ಸಿಗುತ್ತೆ, ಸಿಕ್ಕಿದ್ದನ್ನು ದುಡ್ಡಾಗಿ ಮಾಡಿಕೊಳ್ಳಲು ಆಗಲ್ಲ, ಹಾಗಾಗಿ ಜೂಜು ಹೇಗಾಗುತ್ತೆ ಅಂತ. ಬ್ಯಾಟಲ್ ಪಾಸ್ ತಗೊಂಡರೆ ತಪ್ಪಾ? ಫ್ರೀ ಸಿಗುವ ಸ್ಪಿನ್? ಎಂಟ್ರಿ ಫೀ ಕಟ್ಟಿ ಆಡುವ ಟೂರ್ನಮೆಂಟ್? ಈಗ ಆಟ ಬಿಡೋಣ ಅಂತಿದ್ದೇನೆ, ಅಕೌಂಟ್ ಮಾರಬಹುದಾ? ಇನ್ನೊಂದು ವಿಷಯ, ಒಂಬತ್ತನೇ ಕ್ಲಾಸಿನ ತಮ್ಮ ಮೊನ್ನೆ ಬಾಪಾನ ಫೋನಿನಿಂದ ಕೇಳದೆ ಡೈಮಂಡ್ (ಅದೂ ಗೇಮ್‌ನೊಳಗಿನ ಹಣವೇ) ತಗೊಂಡಿದ್ದಾನೆ. ಅದಕ್ಕೇನು ಮಾಡೋದು?

ಉತ್ತರ: ವಅಲೈಕುಮುಸ್ಸಲಾಂ. ನಿಮ್ಮ ರೂಮ್‌ಮೇಟ್ ಹೇಳಿದ್ದು ಸರಿ, ಆದರೆ ಪೂರ್ತಿ ಹೇಳಿಲ್ಲ. ಗೆಳೆಯನ ಮಾತನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅವನು ಎತ್ತಿದ ಎರಡೂ ಪ್ರಶ್ನೆಗಳು ದೊಡ್ಡ ದೊಡ್ಡವರ ನಡುವೆಯೇ ಚರ್ಚೆಯಲ್ಲಿವೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಗೇಮ್ ಆಡುವುದೇ ಹರಾಮ್ ಅಂತ ನಾನು ಹೇಳುತ್ತಿಲ್ಲ. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಶಾಫಿಈ ಮದ್‌ಹಬ್‌ (ಇಸ್ಲಾಮಿನ ಧರ್ಮಶಾಸ್ತ್ರದ ಒಂದು ಪಂಥ) ಅನುಸರಿಸುವವರು ಅಲ್ವಾ, ಆ ಕಿತಾಬುಗಳಲ್ಲಿ ಆಟವನ್ನು ಅಳೆಯಲು ಒಂದು ನಿಯಮ ಇದೆ. ಲೆಕ್ಕ, ಯೋಚನೆ, ಚಾಕಚಕ್ಯತೆ ಮೇಲೆ ನಿಂತ ಆಟ ಒಂದು ಕಡೆ. ಬರೀ ದಾಳ ಬಿದ್ದ ಹಾಗೆ ನಡೆಯುವ ಆಟ ಇನ್ನೊಂದು ಕಡೆ. ಚದುರಂಗವನ್ನು ಹರಾಮ್ ಎನ್ನದೆ ಮಕ್ರೂಹ್ (ನಿಷಿದ್ಧವಲ್ಲ, ಆದರೆ ಬಿಡುವುದು ಒಳ್ಳೆಯದು) ಎಂದು ಬಿಟ್ಟದ್ದು ಈ ಲೆಕ್ಕದಲ್ಲೇ. ಇನ್ನೊಂದು ಮದ್‌ಹಬ್‌ನವರಾದ ಹನಫಿಗಳು ಚದುರಂಗದ ವಿಷಯದಲ್ಲಿ ಇದಕ್ಕಿಂತ ಬಿಗಿ. ದಾಳದ ನರ್ದ್ ಆಟದ ಬಗ್ಗೆಯಂತೂ ಹದೀಸ್ (ಪ್ರವಾದಿಯವರ ಮಾತು) ಸಂಗ್ರಹವಾದ ಸಹೀಹ್ ಮುಸ್ಲಿಮ್‌ನಲ್ಲೇ ಗಟ್ಟಿಯಾದ ಎಚ್ಚರಿಕೆ ಇದೆ. (ಈ ನಿಯಮವನ್ನು ಬಿಗಿಯಾಗಿ ಹಿಡಿದರೆ ಮನೆಮನೆಯ ಲೂಡೋ ಕೂಡ ಕಷ್ಟಕ್ಕೆ ಸಿಕ್ಕಿಬೀಳುತ್ತದೆ, ಅದು ಇನ್ನೊಂದು ದಿನಕ್ಕೆ ಇರಲಿ.) ಗುರಿ ಇಟ್ಟು ಹೊಡೆಯುವ, ತಂಡ ಕಟ್ಟಿ ಆಡುವ ನಿಮ್ಮ ಗೇಮ್ ಮೊದಲನೇ ಕಡೆಗೇ ಬರುತ್ತದೆ. ನಮಾಝ್ ತಪ್ಪುವುದು, ರಾತ್ರಿಯಿಡೀ ಕೂರುವುದು, ಬಾಯಿಗೆ ಬಂದಂತೆ ಬೈಯುವುದು ಇವೆಲ್ಲ ಬೇರೆ ದೂರುಗಳು. ಅಂಗಳದಲ್ಲಿ ಕ್ರಿಕೆಟ್ ಆಡಿದರೂ ಅವು ಅಂಟಿಕೊಳ್ಳಬಹುದು.

ತೊಂದರೆ ಇರುವುದು ಕ್ರೇಟ್ ಒತ್ತುವ ಆ ಒಂದು ಗಳಿಗೆಯಲ್ಲಿ. ಅಲ್ಲಿ ನಿಮ್ಮ ಕೌಶಲ ಏನೂ ನಡೆಯುವುದಿಲ್ಲ. ದುಡ್ಡು ಹೋಯಿತು, ಬಂದದ್ದು ಏನು ಅಂತ ಆಮೇಲೆ ಗೊತ್ತಾಗುತ್ತದೆ. ಷರೀಅತ್ ಕೇಳುವ ಪ್ರಶ್ನೆಯೂ ಇಷ್ಟೇ: ದುಡ್ಡು ಕೊಡುವ ಹೊತ್ತಿಗೆ ಏನನ್ನು ಕೊಳ್ಳುತ್ತಿದ್ದೇನೆ, ಎಷ್ಟಕ್ಕೆ ಕೊಳ್ಳುತ್ತಿದ್ದೇನೆ ಅಂತ ನಿಮಗೆ ಗೊತ್ತಿತ್ತಾ? ನೀವು ಕೇಳಿದ್ದರಲ್ಲಿ ಮುಕ್ಕಾಲು ಪಾಲಿಗೆ ಈ ಪ್ರಶ್ನೆಯಿಂದಲೇ ಉತ್ತರ ಸಿಗುತ್ತದೆ.

ಕುರ್‌ಆನ್ ಜೂಜನ್ನು ಮೈಸಿರ್ ಎಂದು ಕರೆದು ಎರಡು ಕಡೆ ಮುಖ್ಯವಾಗಿ ಮಾತಾಡಿದೆ. ಅಲ್-ಬಕರ 219ರಲ್ಲಿ ಮದ್ಯದಲ್ಲೂ ಜೂಜಿನಲ್ಲೂ ದೊಡ್ಡ ಪಾಪ ಇದೆ, ಜನರಿಗೆ ಸ್ವಲ್ಪ ಲಾಭವೂ ಇದೆ, ಆದರೆ ಪಾಪವೇ ಹೆಚ್ಚು ಎಂದಿದೆ. ಅಲ್-ಮಾಇದ 90 ಮತ್ತು 91ರಲ್ಲಿ ಪೂರ್ತಿ ದೂರ ಇರಿ ಎಂಬ ಆಜ್ಞೆ ಬಂತು. ನಿಮ್ಮ ನಡುವೆ ಹಗೆ ಹುಟ್ಟಿಸಲು, ಅಲ್ಲಾಹನ ಸ್ಮರಣೆಯಿಂದ, ನಮಾಝ್‌ನಿಂದ ತಡೆಯಲು ಶೈತಾನ ಇವನ್ನು ಬಳಸುತ್ತಾನೆ ಎಂದು ಕಾರಣವನ್ನೂ ಕೊಟ್ಟಿದೆ.

ಆ "ಸ್ವಲ್ಪ ಲಾಭ" ಏನು ಅಂತ ಹುಡುಕಿದರೆ ಸ್ವಾರಸ್ಯದ ವಿಷಯ ಸಿಗುತ್ತದೆ. ಆ ಕಾಲದ ಅರಬರು ಒಂಟೆ ಕೊಯ್ದು ಮಾಂಸ ಪಾಲು ಮಾಡಿ, ಚೀಲದಿಂದ ಬಾಣ ಎತ್ತುತ್ತಿದ್ದರು. ಹತ್ತು ಬಾಣ. ಏಳಕ್ಕೆ ಒಂದರಿಂದ ಏಳರವರೆಗೆ ಪಾಲು, ಉಳಿದ ಮೂರು ಖಾಲಿ. ಖಾಲಿ ಬಾಣ ಬಂದವರು ಒಂಟೆಯ ಬೆಲೆ ಕೊಡಬೇಕು. ಗೆದ್ದವರು ಆ ಮಾಂಸವನ್ನು ಹೆಚ್ಚಾಗಿ ಬಡವರಿಗೆ ಹಂಚಿ ಹೆಮ್ಮೆ ಪಡುತ್ತಿದ್ದರು. ಅಂದರೆ ಆ ಜೂಜಿನಿಂದ ಹಸಿದವರ ಹೊಟ್ಟೆ ತುಂಬುತ್ತಿತ್ತು. ಹಾಗಿದ್ದೂ ಅದನ್ನು ನಿಷೇಧಿಸಲಾಯಿತು. ಕೇರಳ ಗಡಿಯ ತಲಪಾಡಿ ದಾಟಿದರೆ ಸಾಕು, ಇದರ ಇವತ್ತಿನ ರೂಪ ಕಾಣುತ್ತದೆ. ಕರ್ನಾಟಕದಲ್ಲಿ 2007ರಲ್ಲಿ ಲಾಟರಿ ನಿಂತಿತು, ಕೇರಳ ಸರ್ಕಾರದ ಲಾಟರಿ 1967ರಿಂದ ನಡೆಯುತ್ತಲೇ ಇದೆ. ಅದರಲ್ಲಿ ಕಾರುಣ್ಯ ಎಂಬುದು ಬಡ ರೋಗಿಗಳ ಚಿಕಿತ್ಸೆಗೆ ದುಡ್ಡು ಕೂಡಿಸಲೆಂದೇ ಶುರುವಾದದ್ದು. ಉದ್ದೇಶ ಒಳ್ಳೆಯದೇ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೂ ಟಿಕೆಟ್ ಕೊಳ್ಳುವುದು ಹಲಾಲ್ ಆಗುವುದಿಲ್ಲ. ಬಂದ ದುಡ್ಡು ಎಲ್ಲಿಗೆ ಹೋಯಿತು ಎಂಬುದು ಒಂದು, ಅದು ಯಾವ ದಾರಿಯಲ್ಲಿ ಬಂತು ಎಂಬುದು ಇನ್ನೊಂದು.

ಈಗ ನಿಮ್ಮ ಗೆಳೆಯನ ಮೊದಲ ವಾದ: ಪ್ರತಿ ಸಲ ಏನಾದರೂ ಸಿಗುತ್ತೆ. ಶಾಲೆ ಪಕ್ಕದ ಗೂಡಂಗಡಿಯಲ್ಲಿ ಚೀಟಿ ಹರಿಯುವ ರಟ್ಟು ನೋಡಿರುತ್ತೀರಿ. ರೂಪಾಯಿ ಕೊಟ್ಟರೆ ಒಂದು ಚೀಟಿ, ಮೇಲೆ ದೊಡ್ಡ ಕಾರು, ವಾಚು ತೂಗುಹಾಕಿರುತ್ತಾರೆ, ಕೈಗೆ ಬರುವುದು ಬಲೂನು ಅಥವಾ ಪೆಪ್ಪರ್‌ಮಿಂಟು. ಅಲ್ಲೂ "ಏನಾದರೂ ಸಿಕ್ಕೇ ಸಿಗುತ್ತೆ". ಆದರೆ ಯಾವ ಹುಡುಗನೂ ಬಲೂನಿಗಾಗಿ ಆ ರೂಪಾಯಿ ಕೊಟ್ಟಿರುವುದಿಲ್ಲ. ಕ್ರೇಟ್‌ನಲ್ಲೂ ಹಾಗೆ. ಪರದೆ ಮೇಲೆ ಹೊಳೆಯುವ ಗನ್ ಸ್ಕಿನ್ (ಬಂದೂಕಿನ ಹೊರ ಅಲಂಕಾರ) ತೋರಿಸಿ ದುಡ್ಡು ಕೀಳುತ್ತಾರೆ, ಒಳಗಿಂದ ಬರುವುದು ನೀವು ಯಾವತ್ತೂ ಹಾಕಿಕೊಳ್ಳದ ಒಂದು ಟೋಪಿ, ಎರಡು ಕೂಪನ್ ತುಂಡು. ಖಾಲಿ ಬಾಣಕ್ಕೆ ಬಣ್ಣ ಹಚ್ಚಿದರೆ ಅದು ಪಾಲು ಆಗುವುದಿಲ್ಲ.

ಲೆಕ್ಕವನ್ನೂ ನೋಡಿ. ಒಂದು ವಸ್ತು ಸಿಗುವ ಸಾಧ್ಯತೆ ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ನೂರು ಸಲ ತೆರೆದರೆ ಸಿಕ್ಕೇ ಸಿಗುತ್ತೆ ಅಂತ ಹುಡುಗರು ನಂಬಿಕೊಂಡಿರುತ್ತಾರೆ. ಹಾಗಾಗುವುದಿಲ್ಲ. ನೂರು ಜನ ತಲಾ ನೂರು ಸಲ ತೆರೆದರೆ ಅವರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ಹಿಂದೆ ಎಷ್ಟು ಸಲ ಸೋತಿದ್ದೀರಿ ಅಂತ ಆ ಯಂತ್ರಕ್ಕೆ ನೆನಪೂ ಇರುವುದಿಲ್ಲ, ಕಂಪನಿ ಬೇಕೆಂದೇ ಆ ನೆನಪು ಇಟ್ಟಿದ್ದರೆ ಮಾತ್ರ.

ಹಾಗೆ ನೆನಪು ಇಟ್ಟಿರುವ ಗೇಮ್‌ಗಳೂ ಇವೆ, ಹುಡುಗರು ಅದನ್ನು ಪಿಟಿ ಅನ್ನುತ್ತಾರೆ. ಗೆನ್‌ಶಿನ್ ಇಂಪ್ಯಾಕ್ಟ್‌ನಲ್ಲಿ ಐದು ಸ್ಟಾರ್ ಪಾತ್ರ ಸಿಗುವ ಮೂಲ ಸಾಧ್ಯತೆ 0.6 ಶೇಕಡಾ. ಆದರೆ 90 ಸಲ ಎತ್ತುವಷ್ಟರಲ್ಲಿ ಒಂದು ಐದು ಸ್ಟಾರ್ ಖಂಡಿತ. ಒಂದು ಸಲಕ್ಕೆ 160 ಪ್ರಿಮೊಜೆಮ್ (ಆ ಗೇಮ್‌ನೊಳಗಿನ ಹಣ), 90ಕ್ಕೆ 14,400. ಅದೂ ನಿಮಗೆ ಬೇಕಾದ ಪಾತ್ರವೇ ಅಂತಲ್ಲ, ಬೇರೆಯದು ಬಂದರೆ ಮುಂದಿನ ಐದು ಸ್ಟಾರ್‌ವರೆಗೆ ಕಾಯಬೇಕು. ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ್ದ, ಕೊನೆಗೆ ಸಿಗುವುದು ಖಾತ್ರಿ ಇರುವಾಗ ಇದು ಜೂಜು ಹೇಗೆ ಅಂತ. ಪ್ರಶ್ನೆ ಜಾಣತನದ್ದೇ. ಆದರೆ ಇಲ್ಲಿ ವಸ್ತುವಿನ ಅನಿಶ್ಚಿತತೆ ಬೆಲೆಗೆ ವರ್ಗವಾಗಿದೆ ಅಷ್ಟೇ. ಒಬ್ಬನಿಗೆ ಎರಡನೇ ಸಲಕ್ಕೇ ಸಿಕ್ಕಿತು, ಇನ್ನೊಬ್ಬ ಅದೇ ಪಾತ್ರಕ್ಕೆ ಅದರ ಎಷ್ಟೋ ಪಟ್ಟು ಸುರಿದ. ಬೆಲೆ ಎಷ್ಟು ಅಂತ ವ್ಯಾಪಾರ ಮುಗಿದ ಮೇಲೆ ಗೊತ್ತಾಗುವುದನ್ನು ಮದ್‌ಹಬ್‌ಗಳ ಫಿಕ್‌ಹ್‌ನಲ್ಲಿ (ಧರ್ಮಶಾಸ್ತ್ರದಲ್ಲಿ) ಸಾಮಾನ್ಯವಾಗಿ ಸರಿಯಾದ ಮಾರಾಟ ಎನ್ನುವುದಿಲ್ಲ.

ಎರಡನೇ ವಾದ ಸ್ವಲ್ಪ ಗಟ್ಟಿ: ನಗದು ಮಾಡಿಕೊಳ್ಳಲು ಆಗುವುದಿಲ್ಲ. ದೇಶದೇಶಗಳ ಕಾನೂನುಗಳು ಒಡೆದು ನಿಂತಿರುವುದಕ್ಕೂ ಇದು ಒಂದು ದೊಡ್ಡ ಕಾರಣ. ಬೆಲ್ಜಿಯಂ 2018ರಲ್ಲೇ ದುಡ್ಡು ಕೊಟ್ಟು ತೆರೆಯುವ ಲೂಟ್ ಬಾಕ್ಸ್ (ಕ್ರೇಟ್‌ನಂಥದ್ದೇ) ಜೂಜು ಎಂದು ಹೇಳಿತು. ನೆದರ್‌ಲ್ಯಾಂಡ್ಸ್‌ನಲ್ಲಿ ಫಿಫಾ ಗೇಮ್‌ನ ಪ್ಯಾಕ್‌ಗಳಿಗಾಗಿ ಕಂಪನಿಗೆ ದಂಡ ಬಿತ್ತು, 2022ರಲ್ಲಿ ಅಲ್ಲಿನ ಮೇಲಿನ ನ್ಯಾಯಾಲಯ ಅದನ್ನು ರದ್ದು ಮಾಡಿತು. ಅದೇ ವರ್ಷ ಬ್ರಿಟನ್ ಸರ್ಕಾರವೂ ಜೂಜಿನ ಕಾನೂನನ್ನು ಇವಕ್ಕೆ ವಿಸ್ತರಿಸುವುದಿಲ್ಲ ಎಂದಿತು. ಜಪಾನ್ 2012ರಲ್ಲಿ ಒಂದು ಬಗೆಯ ಗಾಚಾವನ್ನು (ದುಡ್ಡು ಕೊಟ್ಟು ಅದೃಷ್ಟದ ಮೇಲೆ ವಸ್ತು ಎತ್ತುವ ಆಟ) ಮಾತ್ರ ನಿಲ್ಲಿಸಿತು. ಚೀನಾ 2017ರಿಂದ ಯಾವುದು ಎಷ್ಟು ಶೇಕಡಾ ಸಿಗುತ್ತದೆ ಎಂದು ಪ್ರಕಟಿಸಬೇಕು ಎಂದಿತು. ಗೆದ್ದದ್ದು ಹೊರಗೆ ದುಡ್ಡಾಗುತ್ತದಾ ಎಂದು ಹಲವು ಕಾನೂನುಗಳು ಕೇಳುತ್ತವೆ. ಫಿಕ್‌ಹ್ ಅಲ್ಲಿವರೆಗೆ ಕಾಯುವುದಿಲ್ಲ. ಒಂಟೆ ಮಾಂಸವೂ ನಗದಾಗಿರಲಿಲ್ಲ, ಹಂಚಿ ತಿಂದು ಮುಗಿಯುತ್ತಿತ್ತು. ಹಾಗೂ "ನಗದಾಗಲ್ಲ" ಅನ್ನುವುದೂ ಎಲ್ಲ ಕಡೆ ನಿಜ ಅಲ್ಲ. ಕೌಂಟರ್-ಸ್ಟ್ರೈಕ್ ಗೇಮ್‌ನ ಸ್ಕಿನ್‌ಗಳು ಸ್ಟೀಮ್ ಎಂಬ ಗೇಮ್ ಅಂಗಡಿಯ ಮಾರುಕಟ್ಟೆಯಲ್ಲೂ ಹೊರಗಿನ ಸೈಟುಗಳಲ್ಲೂ ಕೈಬದಲಾಗುತ್ತವೆ. ನೀವೇ ಅಕೌಂಟ್ ಮಾರುವ ಮಾತಾಡುತ್ತಿದ್ದೀರಿ, ಅದರಲ್ಲಿರುವ ಸ್ಕಿನ್‌ಗಳಿಗೆ ತಾನೇ ಬೆಲೆ?

ಇದು ಕಟ್ಟುನಿಟ್ಟಿನ ಅರ್ಥದಲ್ಲಿ ಮೈಸಿರ್ ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಅವರ ಮಾತಿಗೆ ಆಧಾರ ಇದೆ. ಜೂಜಿನಲ್ಲಿ ಒಬ್ಬ ಗೆದ್ದರೆ ಇನ್ನೊಬ್ಬ ಕಳೆದುಕೊಳ್ಳಬೇಕು. ಇಲ್ಲಿ ನಿಮಗೆ ಅಪರೂಪದ ಸ್ಕಿನ್ ಬಂದರೂ ಕಂಪನಿಗೆ ಒಂದು ಪೈಸೆ ನಷ್ಟ ಇಲ್ಲ, ಅದು ಬರೀ ಕಂಪ್ಯೂಟರಿನ ಒಂದು ಚಿತ್ರ. ಹಾಗಾಗಿ ಇದನ್ನು ಜೂಜು ಎನ್ನದೆ ಗರರ್ ಇರುವ ವ್ಯಾಪಾರ ಎನ್ನೋಣ ಎಂಬುದು ಅವರ ಅಭಿಪ್ರಾಯ. ಗರರ್ ಅಂದರೆ ಕೊಳ್ಳುವ ವಸ್ತು ಏನು, ಎಷ್ಟು, ಸಿಗುತ್ತದೋ ಇಲ್ಲವೋ ಅಂತ ಗೊತ್ತಿಲ್ಲದ ವ್ಯಾಪಾರ. ನನಗೆ ಈ ವಿಂಗಡಣೆ ಸರಿಯೇ ಅನಿಸುತ್ತದೆ, ಆದರೆ ಇದರಿಂದ ನಿಮಗೇನೂ ಸಡಿಲಿಕೆ ಸಿಗುವುದಿಲ್ಲ. ಗರರ್ ವ್ಯಾಪಾರವನ್ನೂ ಕಲ್ಲೆಸೆದು ಮಾಡುವ ವ್ಯಾಪಾರವನ್ನೂ ಪ್ರವಾದಿ(ಸ) ನಿಷೇಧಿಸಿದ್ದಾರೆ ಎಂಬ ಅಬೂ ಹುರೈರಾ(ರ)ರ ವರದಿ ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಕಲ್ಲಿನ ವ್ಯಾಪಾರವನ್ನು ವಿವರಿಸುವಾಗ ವಿದ್ವಾಂಸರು ಕೊಡುವ ಒಂದು ಚಿತ್ರ ಹೀಗಿದೆ: ಬಟ್ಟೆಗಳನ್ನು ಹರಡಿಟ್ಟು, ಈ ಕಲ್ಲು ಯಾವುದರ ಮೇಲೆ ಬೀಳುತ್ತದೋ ಅದನ್ನು ಇಷ್ಟು ಬೆಲೆಗೆ ನಿನಗೆ ಕೊಟ್ಟೆ ಅನ್ನುವುದು. ಸ್ಪಿನ್ ವ್ಹೀಲ್‌ಗೆ ಇದಕ್ಕಿಂತ ಹತ್ತಿರದ್ದು ಹುಡುಕಬೇಕಾ?

ಹಾಗಂತ ಪ್ರತಿ ಅನಿಶ್ಚಿತತೆಯೂ ಹರಾಮ್ ಅಲ್ಲ. ಶಾಫಿಈ ವಿದ್ವಾಂಸ ಇಮಾಮ್ ನವವಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಹತ್ತಿ ತುಂಬಿದ ಜುಬ್ಬಾ ಮಾರುವಾಗ ಒಳಗಿನ ಹತ್ತಿಯನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಹಮ್ಮಾಮ್‌ಗೆ (ಸಾರ್ವಜನಿಕ ಸ್ನಾನಗೃಹಕ್ಕೆ) ಒಂದೇ ದರ ಕೊಟ್ಟು ಹೋದವರು ನೀರನ್ನು ಹೆಚ್ಚು ಕಡಿಮೆ ಬಳಸುತ್ತಾರೆ. ಇಂಥ ಸಣ್ಣಪುಟ್ಟದ್ದಕ್ಕೆ ಮಾಫಿ ಇದೆ. ಯಾಕೆಂದರೆ ಅಲ್ಲಿ ನೀವು ಜುಬ್ಬಾ ಕೊಳ್ಳುತ್ತೀರಿ, ಸ್ನಾನ ಕೊಳ್ಳುತ್ತೀರಿ, ಅನಿಶ್ಚಿತತೆ ಅದರ ಜೊತೆ ಅಂಟಿಕೊಂಡು ಬಂತು. ಕ್ರೇಟ್‌ನಲ್ಲಿ ಅನಿಶ್ಚಿತತೆಯನ್ನೇ ಪ್ಯಾಕ್ ಮಾಡಿ ಮಾರುತ್ತಿದ್ದಾರೆ. ಅದನ್ನು ತೆಗೆದರೆ ಮಾರಲು ಏನೂ ಉಳಿಯುವುದಿಲ್ಲ. ಆ ತೆರೆದುಕೊಳ್ಳುವ ದೃಶ್ಯವನ್ನೇ ನೆನಪು ಮಾಡಿಕೊಳ್ಳಿ. ಪಟ್ಟಿ ಜೋರಾಗಿ ಓಡುತ್ತದೆ, ನಿಧಾನವಾಗುತ್ತದೆ, ಚಿನ್ನದ ಬಣ್ಣದ್ದು ಮುಳ್ಳಿನ ಹತ್ತಿರ ಬಂದು ಇನ್ನೇನು ನಿಂತಿತು ಅನ್ನುವಾಗ ಪಕ್ಕದ್ದಕ್ಕೆ ಜಾರುತ್ತದೆ. ಎಷ್ಟೋ ಗೇಮ್‌ಗಳಲ್ಲಿ ಫಲಿತಾಂಶ ಬಟನ್ ಒತ್ತಿದಾಗಲೇ ತೀರ್ಮಾನ ಆಗಿರುತ್ತದೆ. ಮಿಕ್ಕಿದ್ದೆಲ್ಲ ನಿಮ್ಮನ್ನು ಇನ್ನೊಮ್ಮೆ ಒತ್ತಿಸಲು ಮಾಡಿದ ಅಲಂಕಾರ.

ಹಾಗಾದರೆ ಸ್ಕಿನ್ ಕೊಳ್ಳುವುದೇ ತಪ್ಪಾ? ಅಲ್ಲ. ಅಂಗಡಿ ಪುಟದಲ್ಲಿ ಇಂಥ ಉಡುಪು, ಇಷ್ಟು ಯುಸಿ ಅಂತ ಬರೆದಿದ್ದರೆ, ಅದನ್ನೇ ಕೊಂಡು ಅದೇ ಸಿಕ್ಕರೆ, ಇಲ್ಲಿ ಮೈಸಿರ್ ಇಲ್ಲ, ಗರರ್ ಇಲ್ಲ. ಕೈಯಲ್ಲಿ ಹಿಡಿಯಲಾಗದ ವಸ್ತುವಿಗೆ ಬೆಲೆ ಕಟ್ಟಬಹುದಾ ಎಂದು ಕೆಲವರು ಕೇಳುತ್ತಾರೆ. ಟ್ರೇಡ್ ಮಾರ್ಕ್, ಕೃತಿಸ್ವಾಮ್ಯ, ಪೇಟೆಂಟ್‌ನಂಥ ಮುಟ್ಟಲಾಗದ ಹಕ್ಕುಗಳಿಗೂ ಆರ್ಥಿಕ ಬೆಲೆ ಇದೆ ಎಂದು ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್‌ಹ್ ಅಕಾಡೆಮಿ 1988ರ ಕುವೈತ್ ಸಭೆಯಲ್ಲೇ ಒಪ್ಪಿದೆ. ಸ್ಕಿನ್ ಅದೇ ಅಲ್ಲದಿದ್ದರೂ ಅದೇ ಜಾಡಿನದು. ನೀವು ಕೊಳ್ಳುತ್ತಿರುವುದು ಬಳಸುವ ಅನುಮತಿ ಅಷ್ಟೇ, ಸರ್ವರ್ ಮುಚ್ಚಿದರೆ ಹೋಯಿತು, ಅದು ತಲೆಯಲ್ಲಿರಲಿ. ಕಾಲೇಜು ಫೀ ಬಾಕಿ ಇಟ್ಟುಕೊಂಡು ಇದಕ್ಕೆ ಖರ್ಚು ಮಾಡಿದರೆ ಅದು ಇಸ್ರಾಫ್, ದುಂದು. ಅದು ಬೇರೆ ಪಾಪ, ಜೂಜಿನ ಪಾಪ ಅಲ್ಲ.

ಬ್ಯಾಟಲ್ ಪಾಸ್‌ಗೂ ಇದೇ ಅಳತೆ. ಬೆಲೆ ಗೊತ್ತು, ಯಾವ ಲೆವೆಲ್‌ಗೆ ಏನು ಸಿಗುತ್ತದೆ ಅಂತ ಪಟ್ಟಿ ಮೊದಲೇ ಕಾಣುತ್ತದೆ, ಆಡಿದರೆ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ತಪ್ಪಿಲ್ಲ. ಸೀಸನ್ ಮುಗಿಯುವುದರೊಳಗೆ ಆಡಿ ಮುಗಿಸದಿದ್ದರೆ ಕೊಟ್ಟದ್ದು ವ್ಯರ್ಥ ಎಂದು ಹಿಂಜರಿಯುವವರೂ ಇದ್ದಾರೆ, ಆದರೆ ಅದು ನಿಮ್ಮ ಕೈಯಲ್ಲಿರುವ ವಿಷಯ, ಚಕ್ರದ ಕೈಯಲ್ಲಲ್ಲ. ಪಾಸ್‌ನ ಪಟ್ಟಿಯಲ್ಲೇ ನಾಲ್ಕು ಕ್ರೇಟ್ ಸೇರಿಸಿರುತ್ತಾರಲ್ಲ, ನೀವು ಪಾಸ್ ಕೊಂಡದ್ದು ಉಳಿದ ಗೊತ್ತಿರುವ ವಸ್ತುಗಳಿಗಾಗಿ ಆಗಿದ್ದರೆ ಅವು ಮೇಲಿನ ಉಡುಗೊರೆ ಎಂದು ಬಿಡಬಹುದು. ಆ ಕ್ರೇಟ್‌ಗಾಗಿಯೇ ಪಾಸ್ ಕೊಂಡರೆ ಬಾಗಿಲು ಬೇರೆ, ಮನೆ ಅದೇ.

ಫ್ರೀ ಸ್ಪಿನ್‌ನಲ್ಲಿ ನೀವು ಏನನ್ನೂ ಪಣಕ್ಕಿಟ್ಟಿಲ್ಲ, ಹಾಗಾಗಿ ಜೂಜು ಆಗುವುದಿಲ್ಲ. ಆಡಿ ಗಳಿಸಿದ ಕಾಯಿನ್‌ಗೂ ಹಾಗೇ. ಕೊಂಡ ಯುಸಿಯೂ ಫ್ರೀ ಸಿಕ್ಕಿದ್ದೂ ಒಂದೇ ಕಡೆ ಬೆರೆತು, ಬೇರ್ಪಡಿಸಲು ಆಗದಿದ್ದರೆ ಅದನ್ನು ಚಕ್ರಕ್ಕೆ ಹಾಕಬೇಡಿ, ನೇರವಾಗಿ ಬೆಲೆ ಬರೆದಿರುವ ವಸ್ತು ಕೊಂಡು ಮುಗಿಸಿ. ದಿನಾ ಒಂದು ಸ್ಪಿನ್ ಫ್ರೀ ಕೊಡುವುದು ಯಾಕೆ ಅಂತ ನಾನು ಹೇಳಬೇಕಾಗಿಲ್ಲ, ನೀವು ಬಿಕಾಂ ಹುಡುಗನೇ ಇರಲಿ, ಬಿಎಸ್ಸಿಯೇ ಇರಲಿ, ನಿಮಗೇ ಗೊತ್ತು.

ಟೂರ್ನಮೆಂಟ್ ವಿಷಯ ಚುಟುಕಾಗಿ. ಎಲ್ಲರಿಂದ ಎಂಟ್ರಿ ಫೀ ಕೂಡಿಸಿ, ಅದೇ ದುಡ್ಡನ್ನು ಗೆದ್ದವರಿಗೆ ಕೊಟ್ಟರೆ ಅದು ಸ್ಪಷ್ಟ ಕಿಮಾರ್, ಪಣದ ಜೂಜು. ಆಟದಲ್ಲಿ ಎಷ್ಟೇ ಕೌಶಲ ಇರಲಿ. ಬಾಣ, ಒಂಟೆ, ಕುದುರೆ ಬಿಟ್ಟು ಬೇರೆಯದಕ್ಕೆ ಪಣದ ಬಹುಮಾನ ಇಲ್ಲ ಎಂಬ ಹದೀಸ್ ಅಬೂ ದಾವೂದ್, ತಿರ್ಮಿದಿ ಸಂಗ್ರಹಗಳಲ್ಲಿದೆ. ಅವು ಆಗ ಯುದ್ಧಕ್ಕೆ ಬೇಕಾದ ತರಬೇತಿ. ಆಡದ ಮೂರನೆಯವರು, ಅಂದರೆ ಪ್ರಾಯೋಜಕರು, ತಮ್ಮ ಜೇಬಿನಿಂದ ಬಹುಮಾನ ಕೊಟ್ಟರೆ ಇವತ್ತಿನ ಹಲವು ವಿದ್ವಾಂಸರು ಒಪ್ಪುತ್ತಾರೆ, ಕೆಲವರು ಆ ಹದೀಸನ್ನು ಹಿಡಿದು ಅದನ್ನೂ ಒಪ್ಪುವುದಿಲ್ಲ. ಇನ್ನು ದೇಶದ ಕಾನೂನು. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟ ಕೌಶಲದ್ದಾಗಿರಲಿ ಅದೃಷ್ಟದ್ದಾಗಿರಲಿ ಬೇಡ ಎಂದಿದೆ, ಇ-ಸ್ಪೋರ್ಟ್ಸ್‌ಗೆ ಬೇರೆ ದಾರಿ ಇಟ್ಟಿದೆ. ಟೆಲಿಗ್ರಾಂ ಗುಂಪಿನಲ್ಲಿ ಯಾರೋ ನಡೆಸುವ ಐವತ್ತು ರೂಪಾಯಿಯ ರೂಮ್ ಮ್ಯಾಚ್‌ನಿಂದ ಎರಡೂ ಲೆಕ್ಕದಲ್ಲಿ ದೂರ ಇರುವುದೇ ವಾಸಿ.

ಇದುವರೆಗೆ ಖರ್ಚು ಮಾಡಿದ್ದಕ್ಕೆ ತೌಬಾ (ಪಶ್ಚಾತ್ತಾಪ) ಮಾಡಿ, ಸ್ವಲ್ಪ ಸದಕ (ದಾನ) ಕೊಡಿ. ಬಾ ಜೂಜಾಡೋಣ ಎಂದು ಗೆಳೆಯನನ್ನು ಬರೀ ಬಾಯಲ್ಲಿ ಕರೆದವನೂ ಸದಕ ಕೊಡಲಿ ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇಷ್ಟೇ ಕೊಡಬೇಕು ಅಂತ ಅಲ್ಲಿ ಹೇಳಿಲ್ಲ. ಸಿಕ್ಕ ಸ್ಕಿನ್‌ಗಳನ್ನು ಅಳಿಸಿ ಹಾಕಬೇಕು ಅಂತ ನಾನು ಹೇಳುವುದಿಲ್ಲ.

ಅಕೌಂಟ್ ಮಾರಬೇಡಿ. ಕಾರಣ ಒಂದು, ಬಹುತೇಕ ಗೇಮ್‌ಗಳ ನಿಯಮದಲ್ಲಿ ಅಕೌಂಟ್ ಮಾರುವಂತಿಲ್ಲ ಎಂದು ಬರೆದಿರುತ್ತದೆ, ನೀವು ಅದಕ್ಕೆ ಒಪ್ಪಿಗೆ ಒತ್ತಿಯೇ ಒಳಗೆ ಬಂದಿದ್ದೀರಿ. ಮುಸ್ಲಿಮರು ತಾವು ಒಪ್ಪಿದ ಷರತ್ತಿಗೆ ಬದ್ಧರು. ಇನ್ನೊಂದು, ಕೊಂಡವನ ಅಕೌಂಟನ್ನು ಕಂಪನಿ ನಾಳೆ ಬ್ಯಾನ್ ಮಾಡಿದರೆ ಅವನ ದುಡ್ಡು ಹೋಯಿತು, ಅಂದರೆ ಗರರ್ ವ್ಯಾಪಾರವನ್ನು ಈ ಸಲ ನೀವೇ ಮಾಡಿದ ಹಾಗಾಯಿತು. ಈಗಾಗಲೇ ಕ್ರೇಟ್‌ನ ವಸ್ತು ಮಾರಿ ಲಾಭ ಮಾಡಿಕೊಂಡಿದ್ದರೆ ಆ ಲಾಭವನ್ನು ಪುಣ್ಯದ ಆಸೆ ಇಟ್ಟುಕೊಳ್ಳದೆ ಬಡವರಿಗೆ ಕೊಟ್ಟುಬಿಡಿ.

ಕೊನೆಗೆ ತಮ್ಮನ ವಿಷಯ. ಇದು ಜೂಜಿಗಿಂತ ಮೊದಲು ಇನ್ನೊಬ್ಬರ ದುಡ್ಡಿನ ವಿಷಯ. ಅಪ್ಪನದೇ ಆದರೂ ಕೇಳದೆ ತೆಗೆದದ್ದು ತಪ್ಪು. ಶಾಫಿಈ ಮದ್‌ಹಬ್‌ನಲ್ಲಿ ಪ್ರಾಯಕ್ಕೆ ಬಾರದ ಮಗು ಮಾಡಿದ ವ್ಯಾಪಾರ ಸಿಂಧುವೇ ಅಲ್ಲ. ಹನಫಿಗಳು ತಿಳಿವಳಿಕೆ ಇರುವ ಮಗು ಹಿರಿಯರ ಅನುಮತಿಯಿಂದ ಮಾಡಿದರೆ ಒಪ್ಪುತ್ತಾರೆ, ಇಲ್ಲಿ ಅನುಮತಿಯೂ ಇಲ್ಲ. ತಮ್ಮ ಪ್ರಾಯಕ್ಕೆ ಬಂದಿದ್ದರೂ ಲೆಕ್ಕ ಬದಲಾಗುವುದಿಲ್ಲ, ದುಡ್ಡು ಅವನದಲ್ಲ. ಹಾಗಾಗಿ ವಾಪಸ್ ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಬಾಪಾಗೆ ತಮ್ಮನೇ ಹೇಳಲಿ, ನೀವು ಪಕ್ಕದಲ್ಲಿ ನಿಂತಿರಿ, ಹೊಡೆತ ಬೀಳದ ಹಾಗೆ ನೋಡಿಕೊಳ್ಳಿ. ಗೂಗಲ್ ಪ್ಲೇಯಲ್ಲಿ ಕೊಂಡದ್ದಾದರೆ ಆರ್ಡರ್ ಹಿಸ್ಟರಿ ತೆರೆದು ರೀಫಂಡ್ ಕೇಳಿ. ಸಾಮಾನ್ಯವಾಗಿ 48 ಗಂಟೆಯೊಳಗೆ ಕೇಳಿದರೆ ಕೆಲಸ ಸುಲಭ. "ಮೊನ್ನೆ" ಅಂದಿದ್ದೀರಿ, ಆ ಅವಧಿ ದಾಟಿದ್ದರೂ ಮನೆಯ ಮಗು ಅನುಮತಿ ಇಲ್ಲದೆ ಕೊಂಡದ್ದು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿ, ಗೇಮ್ ಕಂಪನಿಗೂ ಬರೆಯಿರಿ. ದುಡ್ಡು ವಾಪಸ್ ಬಂದರೆ ಡೈಮಂಡ್ ಹೋಗುತ್ತದೆ, ಅಕೌಂಟೂ ಹೋಗಬಹುದು, ಅದನ್ನು ತಮ್ಮನಿಗೆ ಮೊದಲೇ ಹೇಳಿಡಿ. ಬಾಪಾನ ಫೋನಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಆಯ್ಕೆ ಇವತ್ತೇ ಹಾಕಿ, ಯುಪಿಐ ಪಿನ್ ತಮ್ಮನಿಗೆ ಗೊತ್ತಿದ್ದರೆ ಅದನ್ನೂ ಬದಲಿಸಿ.